ಕಾರಿನ ಸ್ಟಾರು, ಸರ್ವೇ ಅಂಕ: ಎಷ್ಟು ನಂಬಬೇಕು?

ಪ್ರಶ್ನೆ (ಶಿವಮೊಗ್ಗದ ಸದಸ್ಯರು): ಸಾರ್, ಡೀಸೆಲ್ ಕಾರು ತಗೊಳ್ಳೋ ಯೋಚನೆ ಇದೆ. ನೋಡಿರೋ ಕಾರಿಗೆ ಆನ್‌ಲೈನಲ್ಲಿ 4.6 ಸ್ಟಾರ್. ಜಾಹೀರಾತಲ್ಲಿ ‘ಗುಣಮಟ್ಟದಲ್ಲಿ ಮೊದಲ ಸ್ಥಾನ’ ಅಂತ ಪ್ರಶಸ್ತಿ ಬೇರೆ. ಅಮೆರಿಕದಲ್ಲಿರೋ ಭಾವ ಮಾತ್ರ ಕನ್ಸ್ಯೂಮರ್ ರಿಪೋರ್ಟ್ಸ್ ಅನ್ನೋ ಅಲ್ಲಿನ ಗ್ರಾಹಕ ಸಂಸ್ಥೆಯ ಪಟ್ಟಿ ಕಳಿಸಿ, ಬೇರೆ ಕಂಪನಿದು ತಗೋ ಅಂತಿದಾರೆ. ಯಾವುದನ್ನ ನಂಬ್ಲಿ?

ಉತ್ತರ: ಹದಿನಾರು ವರ್ಷ ಶೋರೂಮಲ್ಲಿ ಸರ್ವಿಸ್ ಅಡ್ವೈಸರ್ ಆಗಿದ್ದೆ, ಈಗ ಸ್ವಂತ ಗ್ಯಾರೇಜ್ ಇದೆ. ನೀವು ಹೇಳಿದ ಮೂರನ್ನೂ ಒಂದೇ ತಕ್ಕಡೀಲಿ ತೂಗೋಕಾಗಲ್ಲ. ಯಾರನ್ನ ಕೇಳಿದ್ರು, ಕಾರು ಕೊಂಡು ಎಷ್ಟು ದಿನಕ್ಕೆ ಕೇಳಿದ್ರು ಅನ್ನೋದನ್ನ ಮೊದಲು ನೋಡಿ.

ಪ್ರಶಸ್ತಿಗಳಲ್ಲಿ ಹೆಸರುವಾಸಿ ಜೆ.ಡಿ. ಪವರ್ ಅನ್ನೋ, ಕಾರು ಮಾಲೀಕರ ಸಮೀಕ್ಷೆ ಮಾಡೋ ಅಮೆರಿಕದ ಸಂಸ್ಥೆಯದ್ದು. ಅವರ ಆರಂಭಿಕ ಗುಣಮಟ್ಟದ ಸಮೀಕ್ಷೆ ಮೊದಲ 90 ದಿನದ ಅನುಭವ ಅಷ್ಟೇ ಕೇಳುತ್ತೆ. 100 ಕಾರಿಗೆ ಎಷ್ಟು ದೂರು ಅಂತ ಲೆಕ್ಕ. ಫೋನು ಬ್ಲೂಟೂತಿಗೆ ಕೂಡಲಿಲ್ಲ ಅಂದ್ರೂ ಒಂದು ದೂರು, ಗೇರ್‌ಬಾಕ್ಸ್ ಕೈಕೊಟ್ರೂ ಒಂದೇ ದೂರು. ಮೂರು ವರ್ಷ ಓಡಿದ ಕಾರುಗಳಿಗೆ ಅವರದ್ದೇ ಇನ್ನೊಂದು ಸಮೀಕ್ಷೆ ಇದೆ, ನಿಮಗೆ ಬೇಕಾಗಿರೋದು ಅಂಥದ್ದು. ಪ್ರಶಸ್ತಿಯ ಗುರುತನ್ನ ಜಾಹೀರಾತಲ್ಲಿ ಹಾಕ್ಕೊಳ್ಳೋಕೆ ಕಂಪನಿ ಶುಲ್ಕ ಕಟ್ಟಬೇಕು. ಹಾಗಂತ ಸ್ಥಾನವನ್ನೇ ದುಡ್ಡಿಗೆ ಕೊಂಡ್ರು ಅನ್ನೋದು ಅನ್ಯಾಯದ ಮಾತು. ಆದ್ರೆ ಗೆದ್ದವರು ಮಾತ್ರ ಡಂಗುರ ಹೊಡೀತಾರೆ, ಹಿಂದೆ ಬಿದ್ದ ವರ್ಷದ್ದು ನಮಗೆ ಕಾಣೋದೇ ಇಲ್ಲ.

ಭಾವ ಕಳಿಸಿದ್ದರ ಮೇಲೆ ನನಗೆ ಗೌರವ ಇದೆ. 1936ರಲ್ಲಿ ಶುರುವಾದ, ಲಾಭಕ್ಕಲ್ಲದ ಸಂಸ್ಥೆ, ಜಾಹೀರಾತು ತಗೊಳ್ಳಲ್ಲ, ಪರೀಕ್ಷೆ ಮಾಡೋ ಕಾರನ್ನ ತಾವೇ ದುಡ್ಡು ಕೊಟ್ಟು ತರ್ತಾರೆ. ಇಂಜಿನ್, ಗೇರ್‌ಬಾಕ್ಸ್ ತೊಂದರೆಗೆ ಹೆಚ್ಚು ತೂಕ ಕೊಡ್ತಾರೆ. ಆದ್ರೆ ಉತ್ತರ ಬರೋದು ಅವರ ಸದಸ್ಯರಿಂದ, ಅಮೆರಿಕದ ರಸ್ತೆ, ಅಲ್ಲಿನ ಇಂಜಿನ್. ಅದೇ ಬ್ರ್ಯಾಂಡು ಇಲ್ಲಿ ಮಾರೋ ಕಾರಿನ ಇಂಜಿನ್, ಕಾರ್ಖಾನೆ ಎರಡೂ ಬೇರೆ ಇರಬಹುದು.

ಪ್ರಶ್ನೆ (ಮೈಸೂರಿನ ಸದಸ್ಯರು): ಹಾಗಾದ್ರೆ ಲಾಭಕ್ಕಲ್ಲದ ಸಂಸ್ಥೆ ಹೇಳಿದ್ದನ್ನ ಕಣ್ಣು ಮುಚ್ಚಿ ನಂಬಬಹುದಾ?

ಉತ್ತರ: ಬೇಡ. ಜರ್ಮನಿಯ ಎಡಿಎಸಿ ವಾಹನ ಮಾಲೀಕರದ್ದೇ ದೊಡ್ಡ ಕ್ಲಬ್ಬು. ಜನರ ಮೆಚ್ಚಿನ ಕಾರಿಗೆ ಬಿದ್ದ ಮತಗಳ ಸಂಖ್ಯೆಯನ್ನ ಅವರು ಹಿಗ್ಗಿಸಿ ಹೇಳಿದ್ದು 2014ರ ಜನವರಿಯಲ್ಲಿ ಬಯಲಾಯ್ತು, ಸಂಪರ್ಕ ವಿಭಾಗದ ಮುಖ್ಯಸ್ಥರು ರಾಜೀನಾಮೆ ಕೊಟ್ರು. ಅದೇ ಕ್ಲಬ್ಬು, ದಾರೀಲಿ ಕೆಟ್ಟು ನಿಂತ ಕಾರುಗಳ ಲೆಕ್ಕವನ್ನೂ ಪ್ರಕಟಿಸುತ್ತೆ. ರಿಪೇರಿಗೆ ಹೋದ ಅವರ ಮೆಕ್ಯಾನಿಕ್‌ಗಳೇ ಬರೆದಿಡೋ ದಾಖಲೆ ಅದು. ನಾನಾದ್ರೆ ಮತಕ್ಕಿಂತ ಇದನ್ನೇ ಹೆಚ್ಚು ನಂಬ್ತೀನಿ.

ಪ್ರಶ್ನೆ (ಹುಬ್ಬಳ್ಳಿ ಸದಸ್ಯರು): ಸರ್ವಿಸ್ ಆದ ಮೇಲೆ ‘10ಕ್ಕೆ 10 ಕೊಡ್ರಿ ಸರ’ ಅಂತ ಬೆನ್ನು ಹತ್ತತಾರಲ್ರಿ, ಅದು ಎಲ್ಲಿ ಹೋಗ್ತದ?

ಉತ್ತರ: ಇದು ನಾನೇ ಮಾಡಿದ ಕೆಲಸ, ಮುಚ್ಚಿಡಲ್ಲ. ನಾನಿದ್ದ ಕಡೆ ತಿಂಗಳ ಇನ್ಸೆಂಟಿವ್ ಆ ಅಂಕದ ಮೇಲೇ ನಿಂತಿತ್ತು. 8 ಕೊಟ್ರೆ ನಿಮ್ಮ ಲೆಕ್ಕದಲ್ಲಿ ಚೆನ್ನಾಗಿದೆ ಅಂತ, ನಮ್ಮ ಲೆಕ್ಕದಲ್ಲಿ ಫೇಲು. ಮನೇಲಿ ಮಗಳ ಫೀಸು ಕಟ್ಟಬೇಕಿರೋನು ಬೀಗದ ಕೈ ಕೊಡುವಾಗ ಕೈ ಮುಗಿದು ಕೇಳ್ತಾನೆ, ಎದುರಿಗಿರೋರು ಕರುಣೆಯಿಂದ 10 ಕೊಡ್ತಾರೆ. ಸಿಟ್ಟಾಗಿ ಹೋದ ಗ್ರಾಹಕರ ನಂಬರ್ ಬದಲು ಬೇರೆ ಯಾರದ್ದೋ ನಂಬರ್ ತುಂಬಿಸಿದ್ದನ್ನೂ ಕಣ್ಣಾರೆ ಕಂಡಿದ್ದೀನಿ. ಆ ಅಂಕದಲ್ಲಿ ಕಾರಿನ ಬಾಳಿಕೆಯ ಸುಳಿವೇ ಇರಲ್ಲ. ದಯವಿಟ್ಟು ನಿಜ ಅಂಕ ಕೊಡಿ, ಜೊತೆಗೆ ತಪ್ಪೇನು ಅಂತ ಒಂದು ಸಾಲು ಬರೀರಿ. ಆ ಸಾಲಿಂದಲೇ ಕೆಲವು ದೋಷ ಮೇಲಿನವರಿಗೆ ಮುಟ್ಟೋದು.

ಪ್ರಶ್ನೆ (ಮಂಗಳೂರಿನ ಸದಸ್ಯರು): 5 ಸ್ಟಾರ್ ಬಂದ ಕಾರು ಗಟ್ಟಿ ತಾನೇ?

ಉತ್ತರ: ಅದು ಬೇರೆ ಸ್ಟಾರು. 2023ರ ಅಕ್ಟೋಬರಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್ ಅಪಘಾತದಲ್ಲಿ ಒಳಗಿರೋರಿಗೆ ಎಷ್ಟು ರಕ್ಷಣೆ ಅಂತ ನೋಡುತ್ತೆ. ಜೀವಕ್ಕೆ ಸಂಬಂಧಿಸಿದ್ದು, ಖಂಡಿತ ನೋಡಿ. ಕ್ಲಚ್ಚು ಎಷ್ಟು ವರ್ಷ ಬರುತ್ತೆ ಅನ್ನೋದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಪ್ರಶ್ನೆ (ಶಿವಮೊಗ್ಗದ ಸದಸ್ಯರು): ಎರಡು ಮಾದರಿಗಳ ಅಂಕದಲ್ಲಿ ಸ್ವಲ್ಪವೇ ವ್ಯತ್ಯಾಸ ಇದ್ರೆ? ಕೊನೆಗೆ ನಾನು ಏನು ಮಾಡ್ಲಿ?

ಉತ್ತರ: ಎಷ್ಟು ಜನರನ್ನ ಕೇಳಿದ್ರು ಅಂತ ನೋಡಿ. 100 ಮಾಲೀಕರಲ್ಲಿ 15 ಜನ ತೊಂದರೆ ಇದೆ ಅಂದ್ರೆ, ನಿಜವಾದ ಪ್ರಮಾಣ ನೂರಕ್ಕೆ 8ರಿಂದ 22ರವರೆಗೆ ಎಲ್ಲಾದರೂ ಇರಬಹುದು. ಇನ್ನೊಂದು ಮಾದರಿಗೆ 18 ಬಂತು ಅಂತ ಅದನ್ನ ಕೈಬಿಡಬೇಡಿ.

ಬಿಡಿಭಾಗದ ಅಂಗಡಿಗೆ ಹೋಗಿ, ಈ ಮಾದರಿಗೆ ಯಾವ ಪಾರ್ಟು ಜಾಸ್ತಿ ಹೋಗುತ್ತೆ ಅಂತ ಕೇಳಿ. ಅಲ್ಲಿ ಯಾರೂ ಅಂಕಕ್ಕೆ ಬೇಡಲ್ಲ. ಅದೇ ಕಾರನ್ನ ಲಕ್ಷ ಕಿಲೋಮೀಟರ್ ಓಡಿಸಿದ ಇಬ್ಬರು ಮೂವರನ್ನ ಹುಡುಕಿ. ಆದ್ರೆ ಅವರ ಓಡಾಟ ನಿಮ್ಮಂಥದ್ದೇನಾ ನೋಡ್ಕೊಳ್ಳಿ. ಬಿಎಸ್6 (ಹೊಗೆ ಮಿತಿಯ ಸರ್ಕಾರಿ ನಿಯಮ) ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯೋ ಡಿಪಿಎಫ್ ಅನ್ನೋ ಫಿಲ್ಟರ್ ಇದೆ. ಹೈವೇಲಿ ಒಂದೇ ಸಮ ಓಡಿದ್ರೆ ಮಸಿ ಸುಟ್ಟು ಚೊಕ್ಕಟ ಆಗುತ್ತೆ, ಊರೊಳಗೇ ನಿಂತು ನಿಂತು ಓಡಿದ್ರೆ ಕಟ್ಕೊಳ್ಳುತ್ತೆ. ಒಂದೇ ಕಾರಿಗೆ ಒಬ್ಬರು 5, ಇನ್ನೊಬ್ಬರು 1 ಸ್ಟಾರ್ ಕೊಡೋದು ಹೀಗೆ, ಇಬ್ಬರೂ ಸುಳ್ಳು ಹೇಳ್ತಿರಲ್ಲ. ದಿನಕ್ಕೆ ಎಷ್ಟು ಓಡಿಸ್ತೀರಿ?

ಶಿವಮೊಗ್ಗದ ಸದಸ್ಯರು: ಶಾಲೆ, ಬ್ಯಾಂಕು ಸೇರಿ 6 ಕಿಲೋಮೀಟರ್. ಊರಿಗೆ ಹೋಗೋದು ಎರಡು ತಿಂಗಳಿಗೊಮ್ಮೆ.

ಉತ್ತರ: ಹಾಗಿದ್ರೆ ಡೀಸೆಲ್ ಬೇಡ. ಪೆಟ್ರೋಲಲ್ಲಿ ಎರಡು ಮಾದರಿ ಆರಿಸ್ಕೊಂಡು ಇಲ್ಲೇ ಬರೀರಿ, ಗ್ಯಾರೇಜಿಗೆ ಯಾವ ತೊಂದರೆಗೆ ಬರ್ತಾವೆ ಅಂತ ಹೇಳ್ತೀನಿ.