ಹಳೆಯ 8 ಜಿಬಿಯ ಜತೆಗೆ ಇನ್ನೊಂದು ರ‍್ಯಾಮ್: ಯಾವುದನ್ನು ಕೊಳ್ಳಲಿ?

ಪ್ರಶ್ನೆ (ಉಡುಪಿ)
ನಮಸ್ಕಾರ. ನಾನು ಉಡುಪಿಯಲ್ಲಿ ಸಣ್ಣದೊಂದು ಡಿಟಿಪಿ ಕೇಂದ್ರ ನಡೆಸುತ್ತಿದ್ದೇನೆ. ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆಗೆ ನಾಲ್ಕೈದು ದೊಡ್ಡ ಫೋಟೊ ಸೇರಿಸಿ, ಜತೆಗೆ ಬ್ರೌಸರನ್ನೂ ತೆರೆದಿಟ್ಟರೆ ಕಂಪ್ಯೂಟರ್ ತೆವಳತೊಡಗುತ್ತದೆ. ಇರುವುದು ಐ3-8100 ಪ್ರೊಸೆಸರ್, ಎಚ್310 ಮದರ್‌ಬೋರ್ಡ್, 8 ಜಿಬಿಯ ಒಂದೇ ರ‍್ಯಾಮ್. ಎರಡನೆಯ ಸ್ಲಾಟ್ ಖಾಲಿಯಿದೆ. 3200ರ ರ‍್ಯಾಮ್ ಹಾಕಿಸಿದರೆ ಯಂತ್ರ ಹಾರುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ನಂಬಬಹುದೇ?

ಉತ್ತರ 1 (ಮಂಗಳೂರು)
ಹಾರುವುದಿಲ್ಲ. ನಿಮ್ಮ ಪ್ರೊಸೆಸರ್ ಒಪ್ಪುವ ಗರಿಷ್ಠ ವೇಗ ಡಿಡಿಆರ್4-2400 (ಡಿಡಿಆರ್4 ಎಂಬುದು ರ‍್ಯಾಮಿನ ಪೀಳಿಗೆ, 2400 ಅದರ ವೇಗ) ಆಗಿರುವುದರಿಂದ 3200ರದ್ದನ್ನು ಕೂರಿಸಿದರೂ ಅದು 2400ಕ್ಕೆ ಇಳಿದೇ ಓಡುತ್ತದೆ. ಹಾನಿಯೇನೂ ಇಲ್ಲ, ಬೆಲೆ ಒಂದೇ ಆಗಿದ್ದರೆ ಧಾರಾಳವಾಗಿ ಕೊಳ್ಳಿ, ಆದರೆ ಆ ಸಂಖ್ಯೆಗಾಗಿ ಹೆಚ್ಚಿಗೆ ಹಣ ಕೊಡಬೇಡಿ. ಮೊದಲು ಕೆಲಸದ ನಡುವೆ ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿ, ಅಂದರೆ ರ‍್ಯಾಮ್, ನಿಜಕ್ಕೂ ತುಂಬಿದೆಯೇ ನೋಡಿ. ಹಾರ್ಡ್ ಡಿಸ್ಕೇ ನೂರು ಪ್ರತಿಶತ ತೋರಿಸುತ್ತಿದ್ದು ಮೆಮೊರಿ ಅರ್ಧ ಖಾಲಿಯಿದ್ದರೆ, ಅದಕ್ಕಿಂತ ವೇಗದ ಸಂಗ್ರಹ ಸಾಧನವಾದ ಎಸ್‌ಎಸ್‌ಡಿಗೆ ಹಣ ಹಾಕುವುದೇ ಜಾಣತನ.

ಮೆಮೊರಿಯೇ ಸಾಲದು ಎಂದಾದರೆ, ಈಗಿರುವ ರ‍್ಯಾಮನ್ನು ಹೊರತೆಗೆದು ಅದರ ಚೀಟಿ ಓದಿ. ‘ಪಿಸಿ4’ ಎಂದಿದ್ದರೆ ಅದು 1.2 ವೋಲ್ಟಿನ ಡಿಡಿಆರ್4. ಡಿಡಿಆರ್5ಕ್ಕೂ 288 ಪಿನ್ನುಗಳೇ ಇದ್ದರೂ ನಡುವಿನ ಕಚ್ಚು ಬೇರೆ ಕಡೆಯಿರುವುದರಿಂದ ಅದು ಕೂರುವುದಿಲ್ಲ. ಬಲವಂತ ಮಾಡಿದರೆ ಸ್ಲಾಟೇ ಮುರಿಯುತ್ತದೆ. ಇನ್ನೊಂದು 8 ಜಿಬಿಯನ್ನೇ ಹಾಕಿದರೆ ಡ್ಯುಯಲ್ ಚಾನೆಲ್, ಅಂದರೆ ಎರಡೂ ರ‍್ಯಾಮ್ ಒಟ್ಟಿಗೆ ಮಾಹಿತಿ ಸಾಗಿಸುವ ಅನುಕೂಲ, ಪೂರ್ತಿಯಾಗಿ ಸಿಗುತ್ತದೆ.

ಉತ್ತರ 2 (ಮಣಿಪಾಲ)
ವೇಗಕ್ಕಿಂತ ಗುಣಮಟ್ಟದ ಮಾತೇ ದೊಡ್ಡದು. ಎರಡು ವರ್ಷಗಳ ಹಿಂದೆ ನಾನು ಬಿಲ್ಲಿಲ್ಲದೆ ಅಗ್ಗಕ್ಕೆ ತಂದ ರ‍್ಯಾಮಿನಲ್ಲಿ ಕಂಪ್ಯೂಟರ್ ಸಲೀಸಾಗಿಯೇ ಆನ್ ಆಗುತ್ತಿತ್ತು. ಆದರೆ ನಕಲಿಸಿದ ಜಿಪ್ ಕಡತಗಳು ಆಗಾಗ ಬಿಚ್ಚಿಕೊಳ್ಳುತ್ತಿರಲಿಲ್ಲ. ಮೂರು ವಾರ ಹಾರ್ಡ್ ಡಿಸ್ಕನ್ನೇ ಬೈದೆ. ಕೊನೆಗೆ ರ‍್ಯಾಮಿನ ದೋಷ ಹುಡುಕುವ ಮೆಮ್‌ಟೆಸ್ಟ್86 ತಂತ್ರಾಂಶ ಓಡಿಸಿದಾಗ ಪರದೆಯ ತುಂಬ ಕೆಂಪು ಸಾಲುಗಳು! ಹೆಸರಾಂತ ಕಂಪನಿಯದನ್ನೇ ಬಿಲ್, ವಾರಂಟಿ ಸಮೇತ ಕೊಂಡು, ಮೊದಲ ರಾತ್ರಿಯೇ ಪರೀಕ್ಷೆಗೆ ಹಚ್ಚಿ.

ಉತ್ತರ 3 (ಸುರತ್ಕಲ್)
ನಮ್ಮ ಕಡಲ ಗಾಳಿಯನ್ನೂ ಮರೆಯಬೇಡಿ. ಹಳೆಯ ರ‍್ಯಾಮಿನ ಹೊನ್ನಿನ ಬಣ್ಣದ ಅಂಚು ಮಂಕಾಗಿದ್ದರೆ ವಿದ್ಯುತ್ ಸಂಪರ್ಕ ಕಳಚಿ, ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಉಳಿಯದಂತೆ ಒರೆಸಿ ಕೂರಿಸಿ. ಮಳೆಗಾಲದಲ್ಲಿ ‘ಬೀಪ್’ ಎಂದು ನಿಂತ ಎಷ್ಟೋ ಯಂತ್ರಗಳು ಇಷ್ಟಕ್ಕೇ ಎದ್ದಿವೆ.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಧನ್ಯವಾದ. ಕೆಲಸದ ನಡುವೆ ಮೆಮೊರಿ 93 ಪ್ರತಿಶತ ತುಂಬಿತ್ತು. ಚೀಟಿಯಲ್ಲಿ ‘ಪಿಸಿ4-2400’ ಎಂದಿದ್ದುದರಿಂದ 2666ರ 8 ಜಿಬಿಯೊಂದನ್ನು ಬಿಲ್ ಸಹಿತ ತಂದೆ. ಈಗ ಟಾಸ್ಕ್ ಮ್ಯಾನೇಜರ್ ಎರಡೂ ಸ್ಲಾಟ್ ತುಂಬಿವೆ, ವೇಗ 2400 ಎನ್ನುತ್ತಿದೆ. ಪರೀಕ್ಷೆಯ ನಾಲ್ಕು ಸುತ್ತೂ ತಪ್ಪಿಲ್ಲದೆ ಮುಗಿದವು.