ಹಳೇ ಐ3 ಲ್ಯಾಪ್‌ಟಾಪ್, ತೋಟದ ಲೆಕ್ಕ: ವಿಂಡೋಸಾ, ಲಿನಕ್ಸ್ ಮಿಂಟಾ?

ತೋಟದಲೆಕ್ಕ, ಸೋಮವಾರಪೇಟೆ:

ಲ್ಯಾಪ್‌ಟಾಪ್ ಐ3-5005ಯು, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್, ವಿಂಡೋಸ್ 10. ಅದರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಾಕಲು ಹೋದರೆ ಈ ಪ್ರೊಸೆಸರ್ ಆಗುವುದಿಲ್ಲ ಎನ್ನುತ್ತದೆ. ಕೆಲಸ ಇಷ್ಟೇ: ಕಾಫಿ ತೂಕ ಮತ್ತು ಓಟಿ (ಔಟ್‌ಟರ್ನ್, 50 ಕಿಲೋ ಮೂಟೆಗೆ ಸಿಗುವ ಕಾಫಿ ಬೀಜದ ಕಿಲೋ) ಲೆಕ್ಕದ ಎಕ್ಸೆಲ್ ಹಾಳೆಗಳು, ಆಳುಗಳ ವಾರದ ಬಟವಾಡೆ ಪಟ್ಟಿ, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೇ ಪತ್ರಗಳು, ವರ್ಷಕ್ಕೆ ನಾಲ್ಕು ಸಲ ಟ್ಯಾಲಿ. ಪ್ರಿಂಟರ್ ಕ್ಯಾನನ್ ಎಲ್‌ಬಿಪಿ2900. ಇಂಟರ್‌ನೆಟ್ ಫೋನಿನ ಹಾಟ್‌ಸ್ಪಾಟ್. ವಿಂಡೋಸ್ ಬಿಟ್ಟು ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯವ್ಯವಸ್ಥೆಗೆ ಹೋದರೆ ಏನೇನು ನಿಂತುಹೋಗುತ್ತದೆ?

ಬೆಟ್ಟದಗಣಕ, ಮಡಿಕೇರಿ:

ಯಾವುದನ್ನು ಹಾಕುವುದಿದ್ದರೂ ಮೊದಲು ಆ ಹಾರ್ಡ್‌ಡಿಸ್ಕ್ ತೆಗೆಯಿರಿ. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ, ಸಿಪಿಯು ಸುಮ್ಮನೆ ಕೂತಿರುತ್ತದೆ, ಡಿಸ್ಕ್ ಮಾತ್ರ 100 ಶೇಕಡಾ ತೋರಿಸುತ್ತಿರುತ್ತದೆ. ಅದರ ಜಾಗಕ್ಕೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ ವೇಗದ ಡಿಸ್ಕ್), 240 ಜಿಬಿಯದು ಸಾಕು. ಇನ್ನೊಂದು 4 ಜಿಬಿ ರ‍್ಯಾಮ್ ಹಾಕುವುದಾದರೆ ಡಿಡಿಆರ್3ಎಲ್ ಎಂದೇ ಕೇಳಿ, ಅದು 1.35 ವೋಲ್ಟಿನದು. ಬರೀ ಡಿಡಿಆರ್3 ಎಂದರೆ 1.5 ವೋಲ್ಟಿನದು ಕೊಡುತ್ತಾರೆ, ಯಂತ್ರ ಆನ್ ಆಗದೇ ಹೋಗಬಹುದು.

ಮಿಂಟ್ 22ರ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಈ ಯಂತ್ರಕ್ಕೆ ಸರಿ. ಉಬುಂಟು 24.04ರ ಮೇಲೆ ಕಟ್ಟಿದ್ದು, ಅಪ್‌ಡೇಟ್ 2029ರ ತನಕ ಬರುತ್ತದೆ. ಇನ್‌ಸ್ಟಾಲ್ ಮಾಡುವ ಐಎಸ್‌ಒ ಕಡತ ಸುಮಾರು 3 ಜಿಬಿ. ಹಾಟ್‌ಸ್ಪಾಟ್ ನಡುವೆ ಕಡಿದುಹೋಗುವುದರಿಂದ ಟೊರೆಂಟ್‌ನಲ್ಲಿ ಇಳಿಸಿ, ನಿಂತಲ್ಲಿಂದ ಮುಂದುವರಿಯುತ್ತದೆ. ಮುಗಿದ ಮೇಲೆ ಚೆಕ್‌ಸಮ್ (ಕಡತ ಪೂರ್ತಿ ಸರಿಯಾಗಿ ಇಳಿದಿದೆಯೇ ಎಂದು ತಿಳಿಸುವ ಸಂಕೇತ) ತಾಳೆ ನೋಡುವುದನ್ನು ಬಿಡಬೇಡಿ. ಅರ್ಧಂಬರ್ಧ ಕಡತದಿಂದ ಇನ್‌ಸ್ಟಾಲ್ ಮಾಡಹೋಗಿ ಕೊನೆಯ ಹಂತದಲ್ಲಿ ಸಿಕ್ಕಿಬಿದ್ದವರೇ ಹೆಚ್ಚು. ಪೆನ್‌ಡ್ರೈವಿನಿಂದ ಲೈವ್ ಆಗಿ, ಅಂದರೆ ಡಿಸ್ಕ್‌ಗೆ ಹಾಕದೆಯೇ ಓಡಿಸಿ ವೈಫೈ, ಸೌಂಡ್, ಪ್ರಿಂಟರ್ ಮೂರನ್ನೂ ನೋಡಿದ ಮೇಲೆಯೇ ಡಿಸ್ಕ್ ಮುಟ್ಟಿ. ವೈಫೈ ಚಿಪ್ ರಿಯಲ್‌ಟೆಕ್ 8723ಬಿಇ ಆಗಿದ್ದರೆ ಲಿನಕ್ಸ್‌ನಲ್ಲಿ ಸಿಗ್ನಲ್ ಸತ್ತಂತೆ ಇರುವುದುಂಟು. ಲ್ಯಾಪ್‌ಟಾಪಿನಲ್ಲಿ ಒಂದೇ ಆಂಟೆನಾ ಇರುತ್ತದೆ, ಇಲ್ಲದ ಇನ್ನೊಂದು ಆಂಟೆನಾವನ್ನು ಡ್ರೈವರ್ ಹುಡುಕುತ್ತದೆ. ಡ್ರೈವರಿನ ಆಂಟ್‌ಸೆಲ್ ಆಯ್ಕೆಯನ್ನು 1 ಅಥವಾ 2 ಎಂದು ಬದಲಿಸಿದರೆ ಸರಿಯಾಗುತ್ತದೆ. ಅಲ್ಲಿಯವರೆಗೆ ಫೋನಿಗೆ ಯುಎಸ್‌ಬಿ ಕೇಬಲ್ ಹಾಕಿ ಟೆದರಿಂಗ್ ಮಾಡಿ, ಅದಕ್ಕೆ ಯಾವ ಡ್ರೈವರೂ ಬೇಡ.

ಅಕ್ಷರಮಣೆ, ವಿರಾಜಪೇಟೆ:

ನುಡಿಯ ವಿಷಯ ನಾನು ಹೇಳುತ್ತೇನೆ. ಟೈಪಿಂಗ್ ಕೈ ಬದಲಿಸುವ ಅಗತ್ಯವೇ ಇಲ್ಲ. ಲಿನಕ್ಸ್‌ನ ಟೈಪಿಂಗ್ ಸಾಧನವಾದ ಐಬಸ್ ಜೊತೆಗೆ ಐಬಸ್-ಎಂ17ಎನ್ ಹಾಕಿಕೊಂಡರೆ ಕನ್ನಡದ ಕೆಳಗೆ ಕೆಜಿಪಿ ಎಂದು ಸಿಗುತ್ತದೆ. ನುಡಿಯ ಅದೇ ಕಗಪ ಕೀಲಿಮಣೆ ವಿನ್ಯಾಸ, ಒತ್ತಕ್ಷರಕ್ಕೆ ಅದೇ ಎಫ್ ಕೀಲಿ.

ತೊಂದರೆ ಇರುವುದು ಹಳೇ ಪತ್ರಗಳಲ್ಲಿ. ಅವು ನುಡಿ 01 ಇ ಫಾಂಟಿನ ಆಸ್ಕಿ ಪಠ್ಯ, ಅಂದರೆ ಇಂಗ್ಲಿಷ್ ಚಿಹ್ನೆಗಳ ಮೇಲೆ ಕನ್ನಡದ ಆಕಾರ ಕೂರಿಸಿದ್ದು. ಫಾಂಟ್ ಇಲ್ಲದ ಯಂತ್ರದಲ್ಲಿ ಕನ್ನಡದ ಬದಲು ಇಂಗ್ಲಿಷ್ ಚಿಹ್ನೆಗಳ ರಾಶಿ ಕಾಣುತ್ತದೆ. ಆ ಟಿಟಿಎಫ್ ಕಡತವನ್ನು ಮಿಂಟ್‌ಗೂ ಹಾಕಿದರೆ ಲಿಬ್ರೆಆಫೀಸ್‌ನಲ್ಲಿ (ಎಂಎಸ್ ಆಫೀಸ್ ಬದಲಿನ ಉಚಿತ ತಂತ್ರಾಂಶ) ಓದಲು, ಪ್ರಿಂಟ್ ತೆಗೆಯಲು ಬರುತ್ತದೆ. ಹುಡುಕಲು ಮಾತ್ರ ಬರುವುದಿಲ್ಲ. ಹಾಗಾಗಿ ಬೇಕಾದ ಪತ್ರಗಳನ್ನು ಯುನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಅರ್ಕಾವೊತ್ತನ್ನು ಕಣ್ಣಿಟ್ಟು ನೋಡಿ. ಆಸ್ಕಿ ನುಡಿಯಲ್ಲಿ ‘ಸೂರ್ಯ’ದ ಅರ್ಕಾವೊತ್ತು ಯಕಾರದ ನಂತರ ಕೂತಿರುತ್ತದೆ, ಯುನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಕ ತಪ್ಪಿದರೆ ಇಲ್ಲೇ ತಪ್ಪುವುದು. ಹೆಸರುಗಳು, ಸರ್ವೆ ನಂಬರಿನ ಸಾಲುಗಳು ಮೊದಲು.

ಬೇಳೆಗೆರೆ, ಸುಂಟಿಕೊಪ್ಪ:

ಎಕ್ಸೆಲ್ ಹಾಳೆ ಬಗ್ಗೆ ಹೆದರಬೇಡಿ. 1,240 ಕಿಲೋ ಚೆರಿಯನ್ನು (ಒಣಗಿಸಿದ ಕಾಫಿ ಹಣ್ಣು) 50ರಿಂದ ಭಾಗಿಸಿ 24.8 ಮೂಟೆ, ಓಟಿ 27 ಬಂದರೆ 669.6 ಕಿಲೋ ಬೇಳೆ (ಸಿಪ್ಪೆ ತೆಗೆದ ಕಾಫಿ ಬೀಜ), ಅದನ್ನು ಪಾಯಿಂಟ್ ದರದಿಂದ, ಅಂದರೆ ಒಂದು ಓಟಿ ಅಂಕದ ಬೆಲೆಯಿಂದ ಗುಣಿಸುವುದು. ಇಂಥ ಸೂತ್ರಗಳು ಲಿಬ್ರೆಆಫೀಸ್‌ನ ಕ್ಯಾಲ್ಕ್‌ನಲ್ಲಿ ಹಾಗೇ ಓಡುತ್ತವೆ. ಬಟವಾಡೆ ಹಾಳೆಯಲ್ಲಿ ಬಟನ್ ಒತ್ತಿದರೆ ಚೀಟಿ ಬರುವಂಥ ಮ್ಯಾಕ್ರೋ ಇದ್ದರೆ ಅದು ನಿಲ್ಲಬಹುದು, ಲೈವ್‌ನಲ್ಲೇ ತೆರೆದು ಒತ್ತಿ ನೋಡಿ.

ಟ್ಯಾಲಿ ವಿಂಡೋಸ್‌ಗೆ ಮಾತ್ರ. ಲಿನಕ್ಸ್‌ನಲ್ಲಿ ವಿಂಡೋಸ್ ತಂತ್ರಾಂಶ ಓಡಿಸುವ ವೈನ್ ಎಂಬುದರಲ್ಲಿ ಓಡಿಸುವ ಸಾಹಸವನ್ನು ಲೆಕ್ಕದ ತಂತ್ರಾಂಶದ ಮೇಲೆ ಮಾಡಬಾರದು. ಜಿಎಸ್‌ಟಿ ರಿಟರ್ನ್ ಒಬ್ಬರದೇ ಹೆಸರಿನ ವ್ಯವಹಾರವಾದರೆ ಒಟಿಪಿಯಲ್ಲೇ ಸಲ್ಲಿಸಬಹುದು, ಬ್ರೌಸರ್ ಸಾಕು.

ಪ್ರಿಂಟರೇ ನಿಮ್ಮ ದೊಡ್ಡ ತಡೆ. ಎಲ್‌ಬಿಪಿ2900ಗೆ ಕ್ಯಾನನ್‌ನದ್ದೇ ಆದ ಸಿಎಪಿಟಿ ಭಾಷೆ ಬೇಕು, ಪೋಸ್ಟ್‌ಸ್ಕ್ರಿಪ್ಟ್ ಎಂಬ ಸಾಮಾನ್ಯ ಪ್ರಿಂಟರ್ ಭಾಷೆ ಅರ್ಥವಾಗುವುದಿಲ್ಲ. ಲಿನಕ್ಸ್ ಡ್ರೈವರ್ ಹಳೆಯದು, 32 ಬಿಟ್ ಲೈಬ್ರರಿ ಕೇಳುತ್ತದೆ. ಹಾಕಿದರೂ ರೀಸ್ಟಾರ್ಟ್ ಆದ ಮೇಲೆ ಅದರ ಹಿನ್ನೆಲೆ ಸೇವೆ ಏಳದೆ ಪುಟಗಳು ಸರದಿಯಲ್ಲೇ ಕೂತಿರುವುದು ಇದರ ಹಳೇ ಕಾಯಿಲೆ. ಶನಿವಾರ ಬಟವಾಡೆ ದಿನ ಅದರ ಜೊತೆ ಗುದ್ದಾಡುವುದು ಬೇಡ.

ತೋಟದಲೆಕ್ಕ:

ಹಾಗಾದರೆ ಎರಡನ್ನೂ ಇಟ್ಟುಕೊಳ್ಳುವುದೇ ವಾಸಿ. ಕಕ್ಕಡ ತಿಂಗಳ ಮಳೆಯಲ್ಲಿ ಕರೆಂಟ್ ಹೋಗಿಬಂದು ಮಾಡುತ್ತದೆ, ಅಪ್‌ಡೇಟ್ ನಡುವೆ ಹೋದರೆ?

ಬೆಟ್ಟದಗಣಕ:

ವಿಂಡೋಸ್ ತಾನಾಗಿ ಇಳಿಸಿಕೊಂಡು ರೀಸ್ಟಾರ್ಟ್‌ಗೆ ಕಾಯುತ್ತದೆ. ಹಾಟ್‌ಸ್ಪಾಟನ್ನು ಮೀಟರ್ಡ್ (ಡೇಟಾ ಮಿತಿ ಇರುವುದು) ಎಂದು ಗುರುತು ಮಾಡಿದರೆ ಬಹುಪಾಲು ಇಳಿಕೆ ನಿಲ್ಲುತ್ತದೆ. ಮಿಂಟ್ ಸುಮ್ಮನೆ ತಿಳಿಸುತ್ತದೆ ಅಷ್ಟೆ, ಹಾಕುವ ಹೊತ್ತು ನಿಮ್ಮದು. ಬ್ಯಾಟರಿ ತುಂಬಿದಾಗ ಹಾಕಿ, ಅದಕ್ಕೆ ಮೊದಲು ಟೈಮ್‌ಶಿಫ್ಟ್‌ನಲ್ಲಿ ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ, ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಬಹುದು. ನಡುವೆ ನಿಂತೇ ಹೋದರೆ ಟರ್ಮಿನಲ್‌ನಲ್ಲಿ ಸುಡೊ, ಡಿಪಿಕೆಜಿ, ಎರಡು ಅಡ್ಡಗೆರೆ ಸೇರಿಸಿ ಕಾನ್ಫಿಗರ್, ಒಂದು ಅಡ್ಡಗೆರೆ ಸೇರಿಸಿ ಎ (sudo dpkg --configure -a). ಬಿಟ್ಟಲ್ಲಿಂದ ಮುಗಿಸಿಕೊಡುತ್ತದೆ.

ಎಸ್‌ಎಸ್‌ಡಿಗೆ ವಿಂಡೋಸ್ 10 ಮೊದಲು ಹಾಕಿ, 100 ಜಿಬಿ ಅದಕ್ಕೆ, ಉಳಿದದ್ದು ಮಿಂಟ್‌ಗೆ. ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿ ವಿಸ್ತರಿತ ಬೆಂಬಲಕ್ಕೆ ಸೇರಿದರೆ 2026ರ ಅಕ್ಟೋಬರ್ 13ರ ತನಕ ಭದ್ರತಾ ಅಪ್‌ಡೇಟ್ ಸಿಗುತ್ತದೆ. ಆಮೇಲೆ ವಿಂಡೋಸನ್ನು ಟ್ಯಾಲಿ ಮತ್ತು ಪ್ರಿಂಟ್‌ಗೆ ಮಾತ್ರ ಇಟ್ಟುಕೊಂಡು ಬ್ಯಾಂಕಿನ ಕೆಲಸವನ್ನೆಲ್ಲ ಮಿಂಟ್‌ನಲ್ಲಿ ಮಾಡಿ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ತಪ್ಪದೆ ಆಫ್ ಮಾಡಿ. ಇಲ್ಲದಿದ್ದರೆ ವಿಂಡೋಸ್ ಅರೆನಿದ್ದೆಯಲ್ಲಿರುತ್ತದೆ, ಅದರ ಡ್ರೈವ್ ಮಿಂಟ್‌ನಲ್ಲಿ ಓದಲು ಮಾತ್ರ ತೆರೆಯುತ್ತದೆ, ಹಾಳೆ ಸೇವ್ ಆಗುವುದಿಲ್ಲ.

ಬೇಳೆಗೆರೆ:

ಒಂದು ಸೇರಿಸಿ. ಮಿಂಟ್‌ನಿಂದ ವಿಂಡೋಸ್‌ಗೆ ಬಂದಾಗ ಗಡಿಯಾರ ಐದೂವರೆ ಗಂಟೆ ಹಿಂದೆ ತೋರಿಸುತ್ತದೆ. ಬ್ಯಾಟರಿ ಸೆಲ್ ಹೋಗಿದೆ ಎಂದು ಬದಲಿಸಲು ಹೋಗಬೇಡಿ. ಲಿನಕ್ಸ್ ಯಂತ್ರದ ಗಡಿಯಾರದಲ್ಲಿ ಯುಟಿಸಿ (ಜಾಗತಿಕ ಸಮಯ) ಬರೆದಿಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯ ಎಂದು ಓದುತ್ತದೆ. ಮಿಂಟ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಆಜ್ಞೆಯಿಂದ ಲೋಕಲ್ ಆರ್‌ಟಿಸಿ 1 ಮಾಡಿ (timedatectl set-local-rtc 1), ವಿಂಡೋಸ್‌ನಲ್ಲಿ ಒಮ್ಮೆ ಸಮಯ ಸರಿಪಡಿಸಿ.