ಗ್ರಾನೈಟ್ ಗೋಡೆಯಿಂದ ಇಳಿದ ಮೇಲೆ ಹಗ್ಗ ಎಳೆದರೆ ಬರುತ್ತಿಲ್ಲ: ಕಾರಣ ಮತ್ತು ಪರಿಹಾರ ತಿಳಿಸಿ

ಪ್ರಶ್ನೆ (ಧಾರವಾಡ)

ಧಾರವಾಡ ಮತ್ತು ಹುಬ್ಬಳ್ಳಿಯ ನಾವು ಮೂವರು ಬಹಳ ಕಾಲದಿಂದ ಬಾದಾಮಿಯಲ್ಲಿ ಬಂಡೆ ಹತ್ತುತ್ತಿದ್ದೇವೆ. ಹಿಮಾಚಲದ ಲಾಹೌಲ್ ಪ್ರದೇಶದ ಮಿಯಾರ್ ಕಣಿವೆಗೆ ಹೋಗಿ, ಅಲ್ಲಿನ ಗ್ರಾನೈಟ್ ಶಿಖರಗಳಲ್ಲಿ ಸುಲಭವಾದ ಒಂದನ್ನಾದರೂ ಏರಬೇಕೆಂಬುದು ನಮ್ಮ ಯೋಜನೆ. ಅದರ ಸಿದ್ಧತೆಗೆಂದು ಸಾವನದುರ್ಗದಲ್ಲಿ 60 ಮೀಟರಿನ ಎರಡು ಹಗ್ಗಗಳನ್ನು ಜೋಡಿಸಿ ಪೂರ್ತಿ ಉದ್ದಕ್ಕೆ ರ‍್ಯಾಪೆಲ್ (ಹಗ್ಗದ ಮೇಲೆ ಜಾರಿ ಇಳಿಯುವುದು) ಮಾಡುತ್ತಿದ್ದೇವೆ. ಆದರೆ ಕೆಳಗಿನ ನಿಲ್ದಾಣ ತಲುಪಿ ಹಗ್ಗ ಎಳೆದಾಗ ಅದು ಕೆಲವೊಮ್ಮೆ ಅಲುಗುವುದೇ ಇಲ್ಲ. ಕೆಲವೊಮ್ಮೆ ಅರ್ಧದಷ್ಟು ಬಂದು ನಿಂತುಬಿಡುತ್ತದೆ. ಹಗ್ಗಗಳನ್ನು ಎಂಟರ ಗಂಟಿನಿಂದ, ಒಂದರ ದಾರಿಯಲ್ಲಿ ಇನ್ನೊಂದನ್ನು ಹಿಂದಿರುಗಿಸಿ ಹೆಣೆದು ಜೋಡಿಸುತ್ತೇವೆ. ಆ್ಯಂಕರಿನಲ್ಲಿ (ಬಂಡೆಯಲ್ಲಿ ಹಗ್ಗವನ್ನು ಹಿಡಿದಿಡುವ ಭದ್ರ ಬಿಂದು) ಹಗ್ಗವನ್ನು ನೇರವಾಗಿ ಸ್ಲಿಂಗಿನ (ಬಟ್ಟೆಪಟ್ಟಿಯ ಬಳೆ) ಒಳಗಿನಿಂದಲೇ ಹಾಯಿಸಿ, ಎರಡೂ ಎಳೆಗಳನ್ನು ಹಿಡಿದು ಇಳಿದು, ಆಮೇಲೆ ಒಂದು ಎಳೆಯನ್ನು ಎಳೆದು ಹಗ್ಗ ಹಿಂಪಡೆಯುತ್ತೇವೆ. ಬಾದಾಮಿಯಲ್ಲಿ ಎಂದೂ ಕಾಣದ ಈ ತೊಂದರೆ ಇಲ್ಲೇಕೆ ಬರುತ್ತಿದೆ?

ಉತ್ತರ (ಗದಗ)

ಬಾದಾಮಿಯಲ್ಲಿ ಕಾಣದಿರುವುದು ಸಹಜ. ಅಲ್ಲಿನ ಬೋಲ್ಟ್ ಹಾಕಿದ ದಾರಿಗಳು ಹೆಚ್ಚಾಗಿ ಒಂದೇ ಪಿಚ್ಚಿನವು, ಅಂದರೆ ಒಂದು ಹಗ್ಗದ ಉದ್ದದೊಳಗೆ ಮುಗಿಯುವಂಥವು. ಮೇಲಿನ ಉಕ್ಕಿನ ಬಳೆಯಲ್ಲಿ ಹಗ್ಗ ಹಾಯಿಸಿ, ಕೆಳಗಿನಿಂದ ಬಿಲೇ ಮಾಡುವವರು (ಹಗ್ಗ ಹಿಡಿದು ಕಾಯುವವರು) ನಮ್ಮನ್ನು ಇಳಿಸಿಬಿಡುತ್ತಾರೆ. ಎಳೆಯಬೇಕಾದ ಹಗ್ಗ ಚಿಕ್ಕದು, ನಿಂತಿರುವುದು ನೆಲದ ಮೇಲೆ. ಆದ್ದರಿಂದ ಹಗ್ಗ ಹಿಂಪಡೆಯುವುದು ಒಂದು ಪ್ರತ್ಯೇಕ ವಿದ್ಯೆ ಎಂದು ಯಾರಿಗೂ ಅನ್ನಿಸುವುದಿಲ್ಲ. ಕಲ್ಲಿನ ಸ್ವಭಾವವೂ ಬೇರೆ. ಮರಳುಗಲ್ಲು ಪದರಪದರವಾಗಿ ಅಡ್ಡಕ್ಕೆ ಒಡೆದಿರುತ್ತದೆ. ಎತ್ತರದ ಗ್ರಾನೈಟ್ ಶಿಖರಗಳಲ್ಲಾದರೋ ಬಿರುಕುಗಳು ಹಗ್ಗ ಬೀಳುವ ದಿಕ್ಕಿನಲ್ಲೇ ಮೇಲಿನಿಂದ ಕೆಳಕ್ಕೆ ಸಾಗುತ್ತವೆ, ಅವುಗಳ ಪಕ್ಕದಲ್ಲಿ ಸಿಪ್ಪೆಯಂತೆ ಎದ್ದ ಕಲ್ಲಿನ ಚಕ್ಕೆಗಳಿರುತ್ತವೆ. ಕಾರಾಕೋರಂನ 6,239 ಮೀಟರ್ ಎತ್ತರದ ಟ್ರ್ಯಾಂಗೋ ಶಿಖರದಲ್ಲಿ 1975ರಲ್ಲಿ ಬ್ರಿಟಿಷ್ ಆರೋಹಿ ಮಾರ್ಟಿನ್ ಬಾಯ್ಸನ್ ಅವರ ಮೊಣಕಾಲೇ ಬಿರುಕಿನಲ್ಲಿ ಸಿಕ್ಕಿಕೊಂಡು, ಬಿಡಿಸಿಕೊಳ್ಳಲು ಗಂಟೆಗಟ್ಟಲೆ ಒದ್ದಾಡಬೇಕಾಯಿತು. ಮರುವರ್ಷ ಅದೇ ಶಿಖರವನ್ನು ಅವರ ತಂಡ ಏರಿತು ಎನ್ನುವುದು ಬೇರೆ ಮಾತು.

ನೀವು ಹೇಳಿದ ಎರಡು ಲಕ್ಷಣಗಳನ್ನು ಒಂದೇ ರೋಗವೆಂದು ತಿಳಿಯಬೇಡಿ. ಮೊದಲ ಎಳೆತಕ್ಕೇ ಹಗ್ಗ ಅಲುಗದಿದ್ದರೆ ದೋಷ ಬಹುಮಟ್ಟಿಗೆ ಆ್ಯಂಕರಿನ ಬಳಿ ಇರುತ್ತದೆ: ಸ್ಲಿಂಗಿನ ಘರ್ಷಣೆ, ಒಂದಕ್ಕೊಂದು ಸುತ್ತಿಕೊಂಡ ಎಳೆಗಳು, ಅಂಚಿನ ಹಿಂದೆ ಕುಳಿತ ಗಂಟು, ಎರಡರಲ್ಲಿ ತಪ್ಪು ಬಣ್ಣದ ಹಗ್ಗವನ್ನು ಎಳೆದದ್ದು, ಅಥವಾ ಸುರಕ್ಷತೆಗೆಂದು ತುದಿಗೆ ಹಾಕಿ ಬಿಚ್ಚದೆ ಬಿಟ್ಟ ಗಂಟು. ಸ್ವಲ್ಪ ದೂರ ಬಂದು ನಿಂತರೆ, ಗಂಟು ಇಳಿಯುವ ದಾರಿಯಲ್ಲಿ ಎಲ್ಲೋ ಬಿರುಕಿಗೆ ಬಿದ್ದಿದೆ, ಇಲ್ಲವೇ ಮೇಲೇರುತ್ತಿರುವ ತುದಿ ಯಾವುದೋ ಚಕ್ಕೆಯ ಹಿಂದೆ ಸಿಕ್ಕಿದೆ.

ಮೊದಲನೆಯದಕ್ಕೆ ಪರಿಹಾರ ಸುಲಭ. ಸ್ಲಿಂಗಿನಲ್ಲಿ ಒಂದು ಉಕ್ಕಿನ ಮೈಲಾನ್ (ತಿರುಪಿನಿಂದ ಮುಚ್ಚುವ ಕೊಂಡಿ) ಅಥವಾ ಹಳೆಯ ಕ್ಯಾರಬಿನರ್ (ತೆರೆದು ಮುಚ್ಚುವ ಲೋಹದ ಕೊಂಡಿ) ಬಿಟ್ಟು ಅದರಲ್ಲಿ ಹಗ್ಗ ಹಾಯಿಸಿ. ಬಟ್ಟೆಯ ಮೇಲೆ ಹಗ್ಗ ಉಜ್ಜಿದರೆ ಎಳೆತ ಭಾರವಾಗುವುದಷ್ಟೇ ಅಲ್ಲ, ಆ ಶಾಖದಿಂದ ಸ್ಲಿಂಗ್ ಸುಟ್ಟು ದುರ್ಬಲವಾಗುತ್ತದೆ. ಸ್ಲಿಂಗುಗಳಿಗೆ ಬಳಸುವ ಡೈನೀಮಾ ನೂಲು ಸುಮಾರು 145 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಆ್ಯಂಕರ್ ಅಂಚಿನಿಂದ ಹಿಂದಿದ್ದರೆ, ಹಗ್ಗ ಹಾಯುವ ಬಿಂದು ಅಂಚಿನಿಂದ ಕೆಳಗೆ ತೂಗುವಂತೆ ಸ್ಲಿಂಗನ್ನು ಉದ್ದ ಮಾಡಿ, ಒಂದು ಕ್ಯಾರಬಿನರ್ ಉಳಿಸಲು ನೋಡಬೇಡಿ. ಎಲ್ಲಕ್ಕಿಂತ ಮುಖ್ಯವಾದುದು, ಮೊದಲು ಇಳಿದವರು ಮೇಲಿನವರು ಇನ್ನೂ ಆ್ಯಂಕರಿನಲ್ಲಿ ಭದ್ರವಾಗಿರುವಾಗಲೇ ಹಗ್ಗವನ್ನು ಒಂದೆರಡು ಮೀಟರ್ ಎಳೆದು ನೋಡುವುದು. ಬಾರದಿದ್ದರೆ ಸರಿಪಡಿಸಲು ಮೇಲೆ ಜನರಿದ್ದಾರೆ.

ಉತ್ತರ (ರಾಣೆಬೆನ್ನೂರು)

ಗಂಟನ್ನು ಬದಲಾಯಿಸಿ. ಹೆಣೆದ ಎಂಟರ ಗಂಟು ಬಲವಾದದ್ದೇ, ಆದರೆ ದಪ್ಪ. ಅದು ಹಗ್ಗದ ನೇರಕ್ಕೇ ಕುಳಿತಿರುವುದರಿಂದ ಅಂಚು ಬಂದಲ್ಲಿ ಸಿಕ್ಕಿಕೊಳ್ಳುತ್ತದೆ. ಎರಡು ತುದಿಗಳನ್ನು ಒಂದೇ ಕಡೆಗೆ ಜೋಡಿಸಿ ಹಾಕುವ ಸರಳ ಓವರ್‌ಹ್ಯಾಂಡ್ ಗಂಟು ಎಳೆತದ ಗೆರೆಯಿಂದ ಒಂದು ಬದಿಗೆ ಸರಿದಿರುತ್ತದೆ, ಹಾಗಾಗಿ ಅಂಚಿನ ಮೇಲೆ ಹೊರಳಿಕೊಂಡು ಬರುತ್ತದೆ. ಗಂಟಿನಾಚೆ ಉಳಿಯುವ ಬಾಲ 30 ಸೆಂಟಿಮೀಟರಿಗೆ ಕಡಿಮೆ ಇರಕೂಡದು. ನಾಲ್ಕೂ ಎಳೆಗಳನ್ನು ಒಂದೊಂದಾಗಿ ಎಳೆದು ಬಿಗಿಗೊಳಿಸಬೇಕು. ಇದೇ ರೀತಿಯಲ್ಲಿ ಎಂಟರ ಗಂಟನ್ನು ಒಂದು ಕಡೆಗೆ ಹಾಕುವುದು ಮಾತ್ರ ಖಂಡಿತ ಬೇಡ. ಅದು ಭಾರ ಬಿದ್ದಾಗ ತುದಿಯತ್ತ ಉರುಳಿ ಬಿಚ್ಚಿಕೊಳ್ಳಬಲ್ಲದು.

ಗದಗಿನವರು ಹೇಳದೆ ಬಿಟ್ಟ ಇನ್ನೊಂದು ಮಾತಿದೆ. ಪೂರ್ತಿ 60 ಮೀಟರ್ ಇಳಿಯಲೇಬೇಕೆಂಬ ಹಟ ಏಕೆ? ಒಡೆದ ಗೋಡೆಯಲ್ಲಿ ನಡುವೆ ಒಳ್ಳೆಯ ನಿಲ್ದಾಣ ಸಿಕ್ಕರೆ ಅಲ್ಲಿಯೇ ನಿಲ್ಲಿ. ಆ್ಯಂಕರಿಗೆ ಎರಡು ತುಂಡು ಹಗ್ಗ ಹೆಚ್ಚು ಖರ್ಚಾದೀತು, ಆದರೆ ಹಗ್ಗ ಉಜ್ಜುವ ಕಲ್ಲೂ, ತುದಿ ಹಾರಿಬೀಳುವ ದೂರವೂ ಅರ್ಧಕ್ಕಿಳಿಯುತ್ತವೆ. ನನ್ನ ಅಭಿಪ್ರಾಯದಲ್ಲಿ ಇದೊಂದೇ ಬದಲಾವಣೆ ಉಳಿದೆಲ್ಲ ಉಪಾಯಗಳಿಗಿಂತ ಹೆಚ್ಚು ಫಲ ಕೊಡುತ್ತದೆ.

ಗಾಳಿಯಿದ್ದರೆ ಹಗ್ಗ ಎಸೆಯಬೇಡಿ. ಅದನ್ನು ಮಡಿಕೆಗಳಾಗಿ ಸ್ಲಿಂಗಿನಲ್ಲಿ ಸೊಂಟದ ಎರಡೂ ಬದಿಗೆ ತೂಗುಹಾಕಿ, ಇಳಿಯುತ್ತ ಬಿಡಿಸಿಕೊಳ್ಳಿ.

ಉತ್ತರ (ಗದಗ)

ಗಾಳಿಯ ಮಾತನ್ನು ಒಪ್ಪುತ್ತೇನೆ. ಗಾಳಿಯಂತ್ರಗಳ ನಡುವೆ ಬದುಕುವ ನಮಗೆ ಅದನ್ನು ವಿವರಿಸಬೇಕಿಲ್ಲ. ಆದರೆ ಅಭ್ಯಾಸಕ್ಕೆಂದು ಕಪ್ಪತಗುಡ್ಡಕ್ಕೆ ಹೊರಡಬೇಡಿ. ಅದು 2019ರಿಂದ ವನ್ಯಜೀವಿಧಾಮವಾಗಿದೆ. ಘರ್ಷಣೆಯ ಪರೀಕ್ಷೆಗೆ ಗುಡ್ಡವೇ ಬೇಕಿಲ್ಲ: ಬೇವಿನ ಮರಕ್ಕೆ ಸ್ಲಿಂಗ್ ಕಟ್ಟಿ, ಹಗ್ಗದ ಒಂದು ಎಳೆಗೆ ಸ್ವಲ್ಪ ಭಾರ ತೂಗುಹಾಕಿ, ಇನ್ನೊಂದನ್ನು ಸ್ಪ್ರಿಂಗ್ ತಕ್ಕಡಿಯಿಂದ ಎಳೆಯಿರಿ. ಒಮ್ಮೆ ಸ್ಲಿಂಗಿನಲ್ಲಿ, ಒಮ್ಮೆ ಮೈಲಾನಿನಲ್ಲಿ ಹಾಯಿಸಿ ಅಳೆದರೆ ವ್ಯತ್ಯಾಸ ಮುಳ್ಳಿನಲ್ಲೇ ಕಾಣುತ್ತದೆ.

ಪ್ರಶ್ನೆ (ಧಾರವಾಡ)

ಇಬ್ಬರಿಗೂ ಕೃತಜ್ಞತೆಗಳು. ಇಷ್ಟೆಲ್ಲ ಮಾಡಿಯೂ ಹಗ್ಗ ನಡುವೆ ನಿಂತುಬಿಟ್ಟರೆ, ಹತ್ತಿರದ ಹಳ್ಳಿ ಎಷ್ಟೋ ದೂರವಿರುವ ಅಂಥ ಕಣಿವೆಯಲ್ಲಿ ಏನು ಮಾಡಬೇಕು? ಮೂವರೂ ಸೇರಿ ಜಗ್ಗುವುದು ಸರಿಯೇ?

ಉತ್ತರ (ರಾಣೆಬೆನ್ನೂರು)

ಕೂಡಲೇ ಜಗ್ಗಬೇಡಿ, ಜಗ್ಗಿದಷ್ಟೂ ಗಂಟು ಬಿರುಕಿನೊಳಗೆ ಬಿಗಿಯುತ್ತದೆ. ಮೊದಲು ಸಡಿಲ ಬಿಟ್ಟು ಅಲೆಯೆಬ್ಬಿಸಿ; ಆ್ಯಂಕರಿಗೆ ಕಟ್ಟಿಕೊಂಡೇ ಎಡಕ್ಕೂ ಬಲಕ್ಕೂ ಸರಿದು ಬೇರೆ ಕೋನದಿಂದ ಎಳೆಯಿರಿ. ಎರಡೂ ತುದಿಗಳು ಕೈಯಲ್ಲಿದ್ದರೆ ಮತ್ತೊಂದು ಬದಿಯನ್ನು ಎಳೆದು ಗಂಟನ್ನು ಹಿಂದಕ್ಕೆ ಕಳಿಸಬಹುದು. ಅದೂ ಆಗದಿದ್ದರೆ, ಎರಡೂ ಎಳೆಗಳಿಗೆ ಒಟ್ಟಾಗಿ ಪ್ರುಸಿಕ್ (ಭಾರ ಬಿದ್ದಾಗ ಹಗ್ಗವನ್ನು ಬಿಗಿಯಾಗಿ ಹಿಡಿಯುವ ಗಂಟು) ಕಟ್ಟಿ ಮೇಲೇರಿ ಬಿಡಿಸಬಹುದು, ಏಕೆಂದರೆ ಹಗ್ಗ ಇನ್ನೂ ಆ್ಯಂಕರಿನ ಮೂಲಕವೇ ಹಾದಿದೆ.

ಒಂದು ತುದಿ ಕೈಗೆಟುಕದಷ್ಟು ಮೇಲೆ ಹೋಗಿದ್ದರೆ ಪರಿಸ್ಥಿತಿ ಬೇರೆ. ಕೈಯಲ್ಲಿರುವ ಎಳೆಯನ್ನು ಮೇಲೆ ಏನು ಹಿಡಿದಿದೆ ಎಂಬುದು ತಿಳಿಯದು. ಮೂವರ ಎಳೆತಕ್ಕೆ ಜಗ್ಗದ ಹಗ್ಗವೂ ನೀವು ಏರುವಾಗ ಕೋನ ಬದಲಾಗಿ ಕಳಚಿಕೊಳ್ಳಬಹುದು. ಆದ್ದರಿಂದ ಅದರ ಮೇಲೆ ಪ್ರುಸಿಕ್ ಹಾಕಿ ಏರಬೇಡಿ. ಪೂರ್ತಿ ಉದ್ದಕ್ಕೆ ಇಳಿದಿದ್ದರೆ, ತುದಿ ಎಷ್ಟು ಮೀಟರ್ ಮೇಲೆ ಹೋಗಿದೆಯೋ ಅಷ್ಟೇ ಮೀಟರ್ ಹಗ್ಗ ನಿಮ್ಮ ಕೈಗೆ ಬಂದಿರುತ್ತದೆ. ಆ ಹಗ್ಗದಿಂದ ಬಿಲೇ ಪಡೆದು, ಬಿರುಕಿನಲ್ಲಿ ಕ್ಯಾಮ್ (ಬಿರುಕಿನೊಳಗೆ ಅಗಲಿ ಕಚ್ಚಿಕೊಳ್ಳುವ ಸಾಧನ) ಇಡುತ್ತ ಲೀಡ್ ಮಾಡಿ (ಮುಂದಾಳಾಗಿ ಹತ್ತಿ) ಆ ತುದಿಯನ್ನು ಹಿಡಿದರೆ, ಮತ್ತೆ ಎರಡೂ ಎಳೆಗಳು ನಿಮ್ಮವು. ಗೋಡೆ ಅಷ್ಟು ಸುಲಭವಲ್ಲದಿದ್ದರೆ ಸಿಕ್ಕಷ್ಟು ಹಗ್ಗವನ್ನು ಕತ್ತರಿಸಿಕೊಂಡು ಚಿಕ್ಕ ಚಿಕ್ಕ ಇಳಿತಗಳಲ್ಲಿ ಕೆಳಗೆ ಹೋಗಿ. ಹೀಗಾಗಿ ಶಿಖರದಿಂದ ಇಳಿಯುವಾಗಲೂ ಕ್ಯಾಮುಗಳು ನೆಲ ಮುಟ್ಟುವವರೆಗೆ ಕೈಗೆ ಸಿಗುವಂತಿರಲಿ. ಚಾಕು ಮತ್ತು ಆ್ಯಂಕರಿಗೆ ಬೇಕಾಗುವ 6 ಅಥವಾ 7 ಮಿಲಿಮೀಟರ್ ದಪ್ಪದ ಹಗ್ಗದ ತುಂಡುಗಳನ್ನು ಮೂವರೂ ಹಂಚಿಕೊಂಡು ಒಯ್ಯಿರಿ, ಒಬ್ಬರ ಚೀಲದಲ್ಲೇ ಎಲ್ಲವನ್ನೂ ತುಂಬಬೇಡಿ.